700 ವರ್ಷದ ಪೆನ್ನಿ ತಗೊಳ್ಳಲಾ, 2009ರ ಕ್ಯೂ ಗಾರ್ಡನ್ಸ್ ತಗೊಳ್ಳಲಾ?

ಸಿಂಧು_ಲೆಸ್ಟರ್ · ಶನಿವಾರ ಬೆಳಿಗ್ಗೆ 8:40

ಎಲ್ಲರಿಗೂ ನಮಸ್ಕಾರ. ಊರು ಹಾಸನ, ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೀವಿ. ಮಗಳಿಗೆ ಹತ್ತು ವರ್ಷ. ಎರಡು ವರ್ಷದಿಂದ ಅಂಗಡಿ ಚಿಲ್ಲರೆಯಲ್ಲಿ ಬರೋ 50 ಪೆನ್ಸ್ ನಾಣ್ಯಗಳನ್ನ ಹೆಕ್ಕಿ ಆಲ್ಬಮ್ ತುಂಬಿಸ್ತಿದ್ದಾಳೆ. ಹುಟ್ಟುಹಬ್ಬಕ್ಕೆ ಅಜ್ಜಿ ತಾತ ಕೊಟ್ಟ 150 ಪೌಂಡ್ ಕೈಯಲ್ಲಿದೆ. ಆಲ್ಬಮ್‌ನಲ್ಲಿ ಖಾಲಿ ಉಳಿದಿರೋದು 2009ರ ಕ್ಯೂ ಗಾರ್ಡನ್ಸ್, ಅಂದ್ರೆ ಲಂಡನ್ನಿನ ಸಸ್ಯೋದ್ಯಾನದ ಚಿತ್ರ ಇರೋ 50 ಪೆನ್ಸ್, ಅದರ ಜಾಗ. ಆನ್‌ಲೈನ್‌ನಲ್ಲಿ ಹೆಚ್ಚುಕಮ್ಮಿ ಅಷ್ಟೇ ದುಡ್ಡು ಕೇಳ್ತಿದ್ದಾರೆ.

ಕಳೆದ ವಾರ ಯಾರ್ಕ್‌ಗೆ ಹೋಗಿದ್ವಿ. ಹಳೇ ನಾಣ್ಯದ ಅಂಗಡಿಯೊಂದರಲ್ಲಿ ಒಂದನೇ ಎಡ್ವರ್ಡ್ ಕಾಲದ ಬೆಳ್ಳಿ ಪೆನ್ನಿ ಇತ್ತು, 45 ಪೌಂಡ್. ನಮ್ಮ ನಾಲ್ಕಾಣೆ ಬಿಲ್ಲೆಯಷ್ಟೇ ಅಗಲ, ಆದ್ರೆ ಊದಿದ್ರೆ ಹಾರಿಹೋಗುತ್ತೇನೋ ಅನ್ನೋ ಹಾಗೆ ತೆಳು. ಅಂಗಡಿಯವರು ಮಗಳ ಅಂಗೈ ಮೇಲೇ ಇಟ್ರು. ಆಮೇಲೆ ಕಾರಲ್ಲಿ ಬರೋವಾಗ ಪೂರ್ತಿ ಅದರದ್ದೇ ಮಾತು.

ನನ್ನ ಪ್ರಶ್ನೆ ಎರಡು. 700 ವರ್ಷ ಹಳೇದು 45 ಪೌಂಡ್, 2009ರದ್ದು 150 ಪೌಂಡ್, ಇದು ಹೇಗೆ? ಆ ಪೆನ್ನಿ ನಕಲಿನಾ? ಎರಡನೇದು, ಹಾಸನದಲ್ಲಿ ಅಮ್ಮನ ಕಾಸಿನ ಸರದಲ್ಲಿ ನಾಲ್ಕು ಸವರನ್, ಅಂದ್ರೆ ಬ್ರಿಟಿಷರ ಚಿನ್ನದ ನಾಣ್ಯ, ಇವೆ, ಒಂದರ ಮೇಲೆ 1918 ಅಂತಿದೆಯಂತೆ. 1918ರದ್ದಕ್ಕೆ ಲಕ್ಷಗಟ್ಟಲೆ ಬೆಲೆ ಅಂತ ಯಾವುದೋ ವಿಡಿಯೋ ನೋಡಿ ತಮ್ಮ ಕುಣೀತಿದ್ದಾನೆ. ನಿಜಾನಾ?

ಕಾಸುಕುಡಿಕೆ · 8:52

ಪೆನ್ನಿ ತಗೊಳ್ಳಿ. ಯೋಚನೆನೇ ಬೇಡ.

ವೆಂಕಟ್_ರೆಡಿಂಗ್ · 9:05

ಯಾಕೆ ಬೇಡ? ಮಗು ಕಟ್ಟುತ್ತಿರೋ ಆಲ್ಬಮ್ 50 ಪೆನ್ಸ್‌ದು. ನಾವು ದೊಡ್ಡವರು ನಮ್ಮ ಆಸೆನ ಅವಳ ಮೇಲೆ ಹೇರೋದು ಬೇಡ.

ಹಳೇಬಿಲ್ಲೆ · 9:48

ಸಿಂಧು ಅವರೇ, ಮೊದಲ ಪ್ರಶ್ನೆಗೆ ಉತ್ತರ ಹೇಳ್ತೀನಿ. ಬೆಂಗಳೂರಲ್ಲಿ ಕೂತು ಮೂವತ್ತು ವರ್ಷದಿಂದ ಇಂಗ್ಲಿಷ್ ಬೆಳ್ಳಿ ಕೂಡಿಸ್ತಾ ಬಂದವನು ನಾನು.

ಹಳೇದು ಬೇರೆ, ಅಪರೂಪದ್ದು ಬೇರೆ. 1279ರಲ್ಲಿ ಒಂದನೇ ಎಡ್ವರ್ಡ್ ದೇಶದ ನಾಣ್ಯವನ್ನೆಲ್ಲ ವಾಪಸ್ ತಗೊಂಡು ಕರಗಿಸಿ ಹೊಸದಾಗಿ ಹೊಡೆಸಿದ. ಕೋಟಿಗಟ್ಟಲೆ ಪೆನ್ನಿ ಹೊರಬಂತು. ಜನ ಗಡಿಗೆಯಲ್ಲಿ ತುಂಬಿ ನೆಲದಲ್ಲಿ ಹೂತಿಟ್ಟರು, ಎಷ್ಟೋ ಜನ ವಾಪಸ್ ಬಂದು ತೆಗೀಲೇ ಇಲ್ಲ. ಆ ಗಡಿಗೆಗಳು ಇವತ್ತಿಗೂ ಸಿಗ್ತಾನೇ ಇವೆ. ಅದಕ್ಕೇ 45 ಪೌಂಡ್. ಕ್ಯೂ ಗಾರ್ಡನ್ಸ್ ಹೊಡೆದಿದ್ದೇ 2,10,000. ಅದನ್ನ ಹುಡುಕೋ ಮಕ್ಕಳು, ದೊಡ್ಡವರು ಲಕ್ಷಾಂತರ.

ನಿಜವಾದ ಅಪರೂಪ ಅಂದ್ರೆ ಈ ಎಡ್ವರ್ಡ್‌ನ ಅಪ್ಪ ಮೂರನೇ ಹೆನ್ರಿ 1257ರಲ್ಲಿ ಹೊರಡಿಸಿದ ಚಿನ್ನದ ಪೆನ್ನಿ. 20 ಬೆಳ್ಳಿ ಪೆನ್ನಿಗೆ ಒಂದು ಅಂತ ಬೆಲೆ ಕಟ್ಟಿದ. ಒಳಗಿದ್ದ ಚಿನ್ನದ ಬೆಲೆಯೇ ಅದಕ್ಕಿಂತ ಜಾಸ್ತಿ, ಜನ ಕರಗಿಸಿಬಿಟ್ಟರು. ಇವತ್ತು ಗೊತ್ತಿರೋದು ಎಂಟೇ. ಎಂಟನೇದು 2021ರಲ್ಲಿ ಡೆವನ್‌ನ ಹೆಮಿಯಾಕ್ ಅನ್ನೋ ಊರಿನ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದವರಿಗೆ ಸಿಕ್ತು. ಮುಂದಿನ ವರ್ಷ ಜನವರಿಯಲ್ಲಿ ಹರಾಜಾಗಿದ್ದು ಕಮಿಷನ್ ಸೇರಿ 6,48,000 ಪೌಂಡ್‌ಗೆ.

ನೀವು ನೋಡಿದ್ದು ಅಸಲಿಯಾ ಅಂತ ಫೋಟೋ ನೋಡದೆ ಹೇಳಲಾರೆ. ಆದ್ರೆ ತೂಕ ಕೇಳಿ. ಸುಮಾರು 1.4 ಗ್ರಾಂ ಇರಬೇಕು, ಸವೆದಿದ್ರೆ, ಅಂಚು ಕತ್ತರಿಸಿದ್ರೆ ಸ್ವಲ್ಪ ಕಮ್ಮಿ. ನೆನಪಿಗೆ ಅಂತ ಮಾರೋ ಸೀಸ-ತವರದ ನಕಲು ದಪ್ಪಗೆ ಮೆತ್ತಗೆ ಇರುತ್ತೆ, ಅಕ್ಷರದ ಅಂಚು ಸೋಪಿನ ಹಾಗೆ ಜಾರಿರುತ್ತೆ.

ಧಾರವಾಡ್_ಮಂದಿ · 10:15

ಸರ, ಅಂಚು ಕತ್ತರಿಸೋದು ಅಂದ್ರ ಏನ್ರಿ?

ಹಳೇಬಿಲ್ಲೆ · 10:31

ಬೆಳ್ಳಿ ಕಳ್ಳತನ. ಹೊಸ ನಾಣ್ಯದ ಸುತ್ತ ಕತ್ತರಿಯಿಂದ ಕೂದಲೆಳೆಯಷ್ಟು ಕತ್ತರಿಸಿಕೊಳ್ಳೋದು, ನಾಣ್ಯವನ್ನ ಪೂರ್ತಿ ಬೆಲೆಗೇ ದಾಟಿಸೋದು. ನೂರು ನಾಣ್ಯ ಕೈ ದಾಟಿದ್ರೆ ಒಂದು ಗಟ್ಟಿ ಬೆಳ್ಳಿ. ಇದಕ್ಕೆ ಅಡ್ಡಿ ಹಾಕೋಕೆ ಅಂತಲೇ 1247ರಲ್ಲಿ ಹಿಂಬದಿಯ ಶಿಲುಬೆಯನ್ನ ಅಂಚಿನವರೆಗೂ ಉದ್ದ ಮಾಡಿದ್ರು. ನಾಲ್ಕು ತುದಿ ಕಾಣ್ತಿಲ್ಲ ಅಂದ್ರೆ ಯಾರೋ ಕತ್ತರಿಸಿದ್ದಾರೆ ಅಂತ ಅಂಗಡಿಯವನಿಗೂ ತಿಳೀಬೇಕು. ಆದ್ರೂ ಕತ್ತರಿಸಿದ್ರು. 1662ರಿಂದ ಯಂತ್ರದಲ್ಲಿ ಹೊಡೆದ ದೊಡ್ಡ ಬೆಳ್ಳಿ ನಾಣ್ಯ ಕ್ರೌನ್ ಬಂತು ನೋಡಿ, ಅದರ ಅಂಚಿನ ಮೇಲೇ 'ಡೆಕಸ್ ಎಟ್ ಟುಟಾಮೆನ್' ಅಂತ ಲ್ಯಾಟಿನ್ ಅಕ್ಷರ ಕೆತ್ತಿದ್ರು. ಅಲಂಕಾರವೂ ಹೌದು, ಕಾವಲೂ ಹೌದು ಅಂತ ಅರ್ಥ. ಅದೇ ಸಾಲು 1983ರ ಒಂದು ಪೌಂಡ್ ನಾಣ್ಯದ ಅಂಚಿಗೂ ಬಂತು.

ವೆಂಕಟ್_ರೆಡಿಂಗ್ · 10:50

ಕ್ಯೂ ಗಾರ್ಡನ್ಸ್ ತಗೊಳ್ಳೋದೇ ಆದ್ರೆ ಒಂದು ಎಚ್ಚರ. 2019ರಲ್ಲಿ ಬ್ರಿಟನ್ನಿನ ಟಂಕಸಾಲೆ ರಾಯಲ್ ಮಿಂಟ್ ಅದೇ ವಿನ್ಯಾಸವನ್ನ ಮತ್ತೆ ಹೊಡೆದು ಸೆಟ್‌ನಲ್ಲಿ ಮಾರಿತು. ಪಗೋಡ, ಅಂದ್ರೆ ಆ ತೋಟದ ಗೋಪುರ, ಇರೋ ಬದಿಯಲ್ಲಿ 1759, 2009 ಅಂತ ಎರಡರಲ್ಲೂ ಇರುತ್ತೆ. ಅದನ್ನ ಮಾತ್ರ ಫೋಟೋದಲ್ಲಿ ತೋರಿಸೋರ ಹತ್ರ ತಗೋಬೇಡಿ. ರಾಣಿ ಮುಖದ ಬದಿಯ ಇಸವಿ ನೋಡಿ. ಇನ್ನೊಂದು, ಈಗ ಚಲಾವಣೆಯಲ್ಲಿರೋದ್ರಲ್ಲಿ ಅತಿ ಕಮ್ಮಿ ಸಂಖ್ಯೆ ಕ್ಯೂ ಗಾರ್ಡನ್ಸ್‌ದಲ್ಲ. ಚಾರ್ಲ್ಸ್ ರಾಜನ ಮುಖ ಇರೋ 2023ರ ಸಾಲ್ಮನ್ ಮೀನಿನ 50 ಪೆನ್ಸ್, 2,00,000. ಅದು ಅಂಗಡಿ ಚಿಲ್ಲರೆಯಲ್ಲೇ ಸಿಗಬಹುದು. ಮಗಳಿಗೆ ಹೇಳಿ.

ಕಾಸುಕುಡಿಕೆ · 11:02

ಮೀನೋ ಪಗೋಡನೋ, 50 ಪೆನ್ಸ್ ಬೆಲೆ ಪೂರ್ತಿ ಗಾಳಿ ಮೇಲೆ ನಿಂತಿರೋದು. ಗಾಳಿ ಇಳಿದ ದಿನ 50 ಪೆನ್ಸ್‌ಗೆ 50 ಪೆನ್ಸೇ.

ವೆಂಕಟ್_ರೆಡಿಂಗ್ · 11:10

ಹತ್ತು ವರ್ಷದ ಹುಡುಗಿ ಲಾಭಕ್ಕೆ ಕೂಡಿಸ್ತಿದ್ದಾಳಾ ಸ್ವಾಮಿ? ನಾನು ಈ ಹವ್ಯಾಸಕ್ಕೆ ಬಿದ್ದಿದ್ದೇ ಚಿಲ್ಲರೆಯಿಂದ. 2008ರಲ್ಲಿ 20 ಪೆನ್ಸ್ ವಿನ್ಯಾಸ ಬದಲಾಯಿಸಿದಾಗ ಇಸವಿಯನ್ನ ಹಿಂಬದಿಯಿಂದ ರಾಣಿ ಮುಖದ ಬದಿಗೆ ತಂದ್ರು. ಹೊಸ ಹಿಂಬದಿಗೆ ಹಳೇ ಮುಖದ ಅಚ್ಚು ಕೂಡಿಸಿ ಒಂದಷ್ಟು ಹೊಡೆದುಬಿಟ್ಟರು, ಇಸವಿಯೇ ಇಲ್ಲದ ನಾಣ್ಯ. ಲಾಂಡ್ರಿ ಮೆಷಿನ್‌ಗೆ ಹಾಕೋಕೆ ಇಟ್ಟಿದ್ದ ಡಬ್ಬಿಯಲ್ಲಿ ನನಗೊಂದು ಸಿಕ್ತು. ಇವತ್ತಿಗೂ ಮಾರಿಲ್ಲ.

ನಂದಿನಿ_ಕೆ · 11:40

ಸಿಂಧು, ಯಾವುದನ್ನೇ ತಗೊಳ್ಳಿ, ದಯವಿಟ್ಟು ತೊಳೀಬೇಡಿ. ಮನೆಗೆ ಬಂದೋರಿಗೂ ಮೊದಲೇ ಹೇಳಿಡಿ.

ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಗ ನನ್ನ ಯಜಮಾನರು 1797ರ ತಾಮ್ರದ ಎರಡು ಪೆನ್ಸ್ ತಂದಿದ್ರು. ಅದನ್ನ ಗಾಡಿಚಕ್ರದ ನಾಣ್ಯ ಅಂತಾರೆ, ಅಂಚು ಅಷ್ಟು ದಪ್ಪ. ಅದೇ ಊರಿನ ಸೋಹೋ ಕಾರ್ಖಾನೆಯಲ್ಲಿ ಮ್ಯಾಥ್ಯೂ ಬೋಲ್ಟನ್ ಉಗಿಯಂತ್ರದಲ್ಲಿ ಹೊಡೆಸಿದ್ದು. ಎರಡು ಔನ್ಸ್ ಸರಿಯಾದ ತೂಕ, ಅಂಗಡಿಯವರು ಅದನ್ನೇ ತಕ್ಕಡಿಗೆ ಕಲ್ಲಾಗಿ ಇಡ್ತಿದ್ರಂತೆ. ನಮ್ಮದು ಗಾಢ ಕಂದು, ಹಳೇ ಮನೆಯ ಬಾಗಿಲು ಚೌಕಟ್ಟಿನ ಬಣ್ಣ. ಬೆಳಕಿಗೆ ಓರೆ ಹಿಡಿದ್ರೆ ಅದರ ಮೇಲಿನ ಬ್ರಿಟಾನಿಯಾ, ಅಂದ್ರೆ ಬ್ರಿಟನ್ ದೇಶದ ಸಂಕೇತದ ಹೆಣ್ಣು, ಅವಳ ಕಾಲ ಕೆಳಗಿನ ಅಲೆಗಳು ಒಂದೊಂದೂ ಎದ್ದು ಕಾಣ್ತಿತ್ತು.

ಅತ್ತೆ ಮೈಸೂರಿಂದ ಬಂದಿದ್ರು. ಶುಕ್ರವಾರ, ದೀಪದ ಕಂಬ ಪಂಚಪಾತ್ರೆ ಉಜ್ಜುವಾಗ ಕಿಟಕಿ ಪಕ್ಕ ಇದ್ದ ಇದನ್ನೂ ತಗೊಂಡು, ತಾಮ್ರ ಅಲ್ವಾ ಅಂತ, ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿಟ್ಟಿದ್ರು. ಸಂಜೆ ಬಂದು ನೋಡಿದ್ರೆ ಹೊಸ ಚೊಂಬಿನ ಹಾಗೆ ಗುಲಾಬಿ ಬಣ್ಣ. ಅಲೆಗಳು ಮೊಂಡಾಗಿದ್ವು. ಅವರು ಖುಷಿಯಿಂದ ತೋರಿಸಿದ್ರು, ನೋಡು ಎಷ್ಟು ಕೊಳೆ ಹೋಯ್ತು ಅಂತ. ನಾವು ಏನೂ ಹೇಳಲಿಲ್ಲ. ಅವರಿಗೆ ಗೊತ್ತಾದ್ರೆ ನೊಂದುಕೊಳ್ತಾರೆ ಅಂತ ಇವತ್ತಿಗೂ ಹೇಳಿಲ್ಲ. ಇನ್ನೂರು ವರ್ಷದ ಬಣ್ಣ ವಾಪಸ್ ಬರಲ್ಲ.

ಪುತ್ತೂರಿನವ · 11:58

ಛೆ. ಓದಿ ಹೊಟ್ಟೆ ಉರಿದುಹೋಯ್ತು ಅಕ್ಕ.

ಹಳೇಬಿಲ್ಲೆ · 12:20

ನಂದಿನಿ ಅವರು ಹೇಳಿದ್ದನ್ನ ಎಲ್ಲರೂ ಎರಡು ಸಲ ಓದಿ. ಬೆಳ್ಳಿಗೂ ಅಷ್ಟೇ. ಹಲ್ಲುಜ್ಜೋ ಪುಡಿ, ನಿಂಬೆರಸ, ಬೂದಿ ಯಾವುದೂ ಬೇಡ. ಕಪ್ಪಾಗಿದ್ರೆ ಕಪ್ಪಾಗೇ ಇರಲಿ. ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲೂ ಇಡಬೇಡಿ, ಹಸಿರು ಜಿಡ್ಡು ಬಿಡುತ್ತೆ. ಕಾಗದದ ಲಕೋಟೆ ಸಾಕು.

ಪುತ್ತೂರಿನವ · 12:45

ಚಿನ್ನದ ವಿಷಯ ನಾನು ಹೇಳ್ತೇನೆ. ನಮ್ಮ ಅಜ್ಜ ಅಕ್ಕಸಾಲಿಗರು. ನೀವು ಸವರನ್ ಅಂತೀರಿ, ನಮ್ಮ ಕಡೆ ಪವನ್. ಮದುವೆ ಮಾತುಕತೆಯಲ್ಲಿ ಈಗಲೂ ಲೆಕ್ಕ ಪವನಿನಲ್ಲೇ. ಎಂಟು ಗ್ರಾಂ ಅಂತ ಹೇಳೋದಕ್ಕೂ ಮೂಲ ಈ ನಾಣ್ಯವೇ, ಅದರ ತೂಕ 7.98 ಗ್ರಾಂ, 22 ಕ್ಯಾರೆಟ್.

1918ರಲ್ಲಿ ಮುಂಬೈ ಟಂಕಸಾಲೆಯಲ್ಲಿ ಸವರನ್ ಹೊಡೆದದ್ದು ಹೌದು, ಆ ಒಂದೇ ವರ್ಷ. ಆದ್ರೆ 1918 ಅಂತ ಇದ್ದ ಮಾತ್ರಕ್ಕೆ ಮುಂಬೈಯದ್ದಲ್ಲ. ಅದೇ ವರ್ಷ ಸಿಡ್ನಿ, ಮೆಲ್ಬರ್ನ್, ಪರ್ತ್, ಕೆನಡಾದ ಒಟ್ಟಾವ ಎಲ್ಲ ಕಡೆ ಹೊಡೆದಿದ್ದಾರೆ. ಕುದುರೆ ಮೇಲಿರೋ ಸೇಂಟ್ ಜಾರ್ಜ್ ಚಿತ್ರದ ಕೆಳಗೆ ನೆಲದ ಗೆರೆ ಇದೆಯಲ್ಲ, ಅದರ ಮೇಲೆ, ಇಸವಿಯ ನಡುಮಧ್ಯಕ್ಕೆ ಸರಿಯಾಗಿ ಸಾಸಿವೆಗಿಂತ ಸಣ್ಣ ಅಕ್ಷರ ಒಂದಿರುತ್ತದೆ. 'ಐ' ಇದ್ದರೆ ಮುಂಬೈ. 'ಎಸ್' ಸಿಡ್ನಿ, 'ಎಂ' ಮೆಲ್ಬರ್ನ್, 'ಪಿ' ಪರ್ತ್, 'ಸಿ' ಒಟ್ಟಾವ.

ಮುಂಬೈಯದ್ದೇ ಆದ್ರೂ ಸುಮಾರು 13 ಲಕ್ಷ ಹೊಡೆದಿದ್ದಾರೆ. ಚಿನ್ನದ ಬೆಲೆಯ ಮೇಲೆ ಸ್ವಲ್ಪ ಸಿಗಬಹುದು, ಅದೂ ನಾಣ್ಯ ಚೊಕ್ಕ ಇದ್ದರೆ. ಸರಕ್ಕೆ ಪೋಣಿಸಿದ್ದಕ್ಕೆ ಕೊಂಡಿ ಬೆಸೆದಿರ್ತಾರೆ. ಕೊಂಡಿ ತೆಗೆಸಿದ್ರೂ ಬೆಸುಗೆಯ ಗುರುತು ಹೋಗುವುದಿಲ್ಲ, ಸಂಗ್ರಹಕಾರರು ಮುಟ್ಟುವುದಿಲ್ಲ. ಆಮೇಲೆ, ಅಚ್ಚು ನಕಲಿ ಆದ್ರೆ ಚಿನ್ನ ಮಾತ್ರ ಸರಿಯಾಗಿರೋ ಪವನೂ ಬೇಕಾದಷ್ಟಿವೆ. ಅದು ಸರಕ್ಕೆ ನಡೀತದೆ, ಆಲ್ಬಮ್‌ಗೆ ನಡೆಯುವುದಿಲ್ಲ.

ಸಿಂಧು_ಲೆಸ್ಟರ್ · 1:10

ಥ್ಯಾಂಕ್ಸ್ ಅಣ್ಣ. ಅಮ್ಮನಿಗೆ ಈಗಲೇ ಹೇಳ್ತೀನಿ ಫೋಟೋ ಕಳಿಸೋಕೆ. ಮುಂಬೈದಾದ್ರೆ ಡಿಸೆಂಬರ್‌ನಲ್ಲಿ ಅವರು ಬರೋವಾಗ ತರಿಸಿ ಇಲ್ಲೇ ತೋರಿಸೋಣ ಅಂತಿದ್ದೆ.

ಹಳೇಬಿಲ್ಲೆ · 1:22

ತರಿಸಬೇಡಿ! 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನ ಭಾರತದಿಂದ ಖಾಸಗಿಯವರು ಹೊರಗೆ ಒಯ್ಯೋ ಹಾಗಿಲ್ಲ. 1918ಕ್ಕೆ ನೂರು ದಾಟಿ ಆಯ್ತು. ಅಮ್ಮನನ್ನ ವಿಮಾನ ನಿಲ್ದಾಣದಲ್ಲಿ ತೊಂದರೆಗೆ ಸಿಕ್ಕಿಸಬೇಡಿ.

ಸಿಂಧು_ಲೆಸ್ಟರ್ · 1:25

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಒಳ್ಳೇದಾಯ್ತು ಕೇಳಿದ್ದು.

ಧಾರವಾಡ್_ಮಂದಿ · 1:40

ನಡುವ ಬಾಯಿ ಹಾಕ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಕಾಕಾನ ಹತ್ರ ಈಸ್ಟ್ ಇಂಡಿಯಾ ಕಂಪನಿದು 1818ರ ಅರ್ಧ ಆಣೆ ಐತ್ರಿ, ಒಂದು ಕಡೆ ರಾಮ ಲಕ್ಷ್ಮಣ ಸೀತಾ ಹನುಮಂತ. ಒಬ್ಬಾಂವ ಎರಡು ಲಕ್ಷಕ್ಕ ಕೇಳ್ಯಾನ. ಆದ್ರ ಮದ್ಲ ನೀವ ಐದು ಸಾವಿರ ನೋಂದಣಿ ಫೀ ಕಟ್ರಿ ಅಂತಾನ.

ಕಾಸುಕುಡಿಕೆ · 1:44

ಕಟ್ಟಬೇಡಿ. ಕಟ್ಟಬೇಡಿ. ಕಟ್ಟಬೇಡಿ. ಕೊಳ್ಳೋನು ದುಡ್ಡು ಕೊಡಬೇಕು, ಕೇಳಬಾರದು. ಕಂಪನಿಯವರು ದೇವರ ಚಿತ್ರದ ನಾಣ್ಯ ಹೊಡೆಸಲೇ ಇಲ್ಲ.

ಹಳೇಬಿಲ್ಲೆ · 2:05

ಮೊದಲ ಮಾತು ನೂರಕ್ಕೆ ನೂರು ಸರಿ. ಎರಡನೇದು ತಪ್ಪು. ಮದ್ರಾಸಿನಲ್ಲಿ ಕಂಪನಿ ಹೊಡೆಸಿದ ಪಗೋಡ, ಅಂದ್ರೆ ನಮ್ಮ ವರಾಹ, ಅದರಲ್ಲಿ ವಿಷ್ಣುವಿನ ಮೂರ್ತಿ ಇದೆ. ಆದ್ರೆ ಈ 1818ರ ರಾಮ ಪಟ್ಟಾಭಿಷೇಕದ್ದು ಕಂಪನಿಯ ನಾಣ್ಯವೇ ಅಲ್ಲ. ಆಮೇಲೆ ಯಾರೋ ಮಾಡಿ ಮಾರಿದ ಬಿಲ್ಲೆ. ಕಾಕಾ ದೇವರ ಮುಂದೆ ಇಟ್ಟು ಪೂಜೆ ಮಾಡ್ಲಿ, ದುಡ್ಡು ಮಾತ್ರ ಯಾರಿಗೂ ಕಟ್ಟಬಾರದು.

ಧಾರವಾಡ್_ಮಂದಿ · 2:11

ಉಳಿಸಿದ್ರಿ ಸರ. ನಾಳೆನ ಕಟ್ಟಾವ್ರಿದ್ರು.

ಗದ್ದೆಗುದ್ದಲಿ · 4:30

ಈಗ ಹೊಲದಿಂದ ಬಂದೆ, ಪೂರ್ತಿ ಓದಿದೆ. ಶಿರಸಿಯವ, ಲಿಂಕನ್ ಹತ್ತಿರ ಇದ್ದೇನೆ. ನಾಲ್ಕು ವರ್ಷದಿಂದ ಡಿಟೆಕ್ಟರ್ ಹಿಡಿದು ಗದ್ದೆ ಸುತ್ತುತ್ತೇನೆ. ಹೊಲದ ಮಾಲೀಕರು ಹಿರಿಯರು, ನಾನು ಹೊಂಡ ಮುಚ್ಚುವ ರೀತಿ ನೋಡಿಯೇ ಒಪ್ಪಿದವರು.

ಹೋದ ಸೆಪ್ಟೆಂಬರ್, ಗೋಧಿ ಕೊಯ್ಲಾಗಿ ಕೂಳೆ ಉಳಿದಿತ್ತು. ಬೆಳಿಗ್ಗೆಯಿಂದ ಸಿಕ್ಕಿದ್ದು ತಂಪುಪಾನೀಯದ ಡಬ್ಬಿ ಮುಚ್ಚಳ ಹನ್ನೊಂದು, ಟ್ರ್ಯಾಕ್ಟರ್ ಮೊಳೆ ಎರಡು. ಸಂಜೆ ಹೊತ್ತಿಗೆ ತೀರಾ ಸಣ್ಣ ಸದ್ದು ಒಂದು, ಒಂದು ದಿಕ್ಕಿಗೆ ಕೇಳ್ತದೆ, ಇನ್ನೊಂದು ದಿಕ್ಕಿಗೆ ಇಲ್ಲ. ಮಣ್ಣು ಹೆಂಟೆ ಎತ್ತಿ ಪುಡಿ ಮಾಡಿದರೆ ಕಿರುಬೆರಳಿನ ಉಗುರಿನಷ್ಟು ಬೂದು ಚೂರು. ಮುಕ್ಕೋನ, ಎರಡು ಬದಿ ನೇರ, ಒಂದು ಬದಿ ದುಂಡು. ಎಂಜಲು ಹಚ್ಚಲಿಲ್ಲ, ಉಜ್ಜಲಿಲ್ಲ, ನೀರು ಹನಿಸಿದೆ. ಮೂರು ಅಕ್ಷರ: ಎ, ಎನ್, ಟಿ.

ಅದು ಮೂರನೇ ಹೆನ್ರಿಯ ಉದ್ದ ಶಿಲುಬೆ ಪೆನ್ನಿಯ ಕಾಲು ಭಾಗ. ಎಡ್ವರ್ಡ್ 1279ರಲ್ಲಿ ದುಂಡನೆಯ ಫಾರ್ದಿಂಗ್, ಅಂದರೆ ಕಾಲು ಪೆನ್ನಿ ನಾಣ್ಯ, ಹೊರಡಿಸೋ ಮೊದಲು ಚಿಲ್ಲರೆ ಬೇಕಾದ್ರೆ ಪೆನ್ನಿಯನ್ನೇ ಶಿಲುಬೆ ಗೆರೆ ಹಿಡಿದು ಎರಡೋ ನಾಲ್ಕೋ ಮಾಡ್ತಿದ್ದರು. ಶಿಲುಬೆಯ ಒಂದೊಂದು ಮೂಲೆಗೆ ಮೂರು ಅಕ್ಷರ, ಒಟ್ಟು ಓದಿದರೆ ಹೊಡೆದವನ ಹೆಸರು ಮತ್ತು ಊರು. ನನ್ನದರಲ್ಲಿ ಉಳಿದದ್ದು ಕ್ಯಾಂಟರ್‌ಬರಿ ಹೆಸರನ್ನು 'ಕ್ಯಾಂಟ್' ಅಂತ ಮೊಟಕು ಮಾಡಿದ್ದರ ಬಾಲ. ಹೊಡೆದವ ನಿಕೋಲ್ ಇರಬಹುದು, ರಾಬರ್ಟ್ ಇರಬಹುದು, ವಿಲೆಮ್ ಇರಬಹುದು, ನಾಣ್ಯದ ಮೇಲೆ ಮೂವರ ಹೆಸರೂ ಆರಕ್ಷರ, ಬಾಲ ಒಂದೇ. ಉಳಿದ ಮುಕ್ಕಾಲು ಭಾಗ ಯಾರ ಕೈಗೆ ಹೋಯಿತೋ. ಈ ಕಾಲು ಪೆನ್ನಿ ಕಳೆದುಕೊಂಡವರು ಆ ಸಾಲಿನಲ್ಲಿ ಎಷ್ಟು ಹೊತ್ತು ಹುಡುಕಿರಬೇಕು ಅಂತ ನಾನು ಅಲ್ಲೇ ಕೂತುಬಿಟ್ಟೆ.

ಕಾಸುಕುಡಿಕೆ · 4:41

ಸಿಕ್ಕಿದ್ದನ್ನೆಲ್ಲ ಸರ್ಕಾರಕ್ಕೆ ಕೊಡಬೇಕಲ್ವಾ?

ಗದ್ದೆಗುದ್ದಲಿ · 4:58

ಹಾಗಲ್ಲ. ಇಂಗ್ಲೆಂಡ್, ವೇಲ್ಸ್‌ನಲ್ಲಿ 1996ರ ನಿಧಿ ಕಾಯ್ದೆ ಇದೆ. 300 ವರ್ಷ ದಾಟಿದ ಚಿನ್ನ ಬೆಳ್ಳಿ ನಾಣ್ಯ ಒಂದೇ ಕಡೆ ಎರಡು ಅಥವಾ ಹೆಚ್ಚು ಸಿಕ್ಕಿದರೆ ಅದು ನಿಧಿ, 14 ದಿನದೊಳಗೆ ತಿಳಿಸಬೇಕು. ಮ್ಯೂಸಿಯಂ ತಗೊಂಡರೆ ಬೆಲೆ ಕಟ್ಟಿ ಕೊಡ್ತಾರೆ, ಸಾಮಾನ್ಯವಾಗಿ ಹುಡುಕಿದವನಿಗೂ ಹೊಲದವರಿಗೂ ಅರ್ಧರ್ಧ. ಒಂಟಿ ನಾಣ್ಯ ಸಾಮಾನ್ಯವಾಗಿ ನಿಧಿ ಅಲ್ಲ. ಆದರೂ ನಾನು ಪ್ರತಿಯೊಂದನ್ನೂ ನಮ್ಮ ಜಿಲ್ಲೆಯ ಪುರಾತನ ವಸ್ತು ಅಧಿಕಾರಿಗೆ ತೋರಿಸಿ, ಸಿಕ್ಕ ಹಳೇ ವಸ್ತು ಬರೆದಿಡುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನಲ್ಲಿ ದಾಖಲು ಮಾಡಿಸ್ತೇನೆ. ಸಿಕ್ಕ ಜಾಗ ಬರೆದಿಡದ ನಾಣ್ಯ ಅರ್ಧ ಸತ್ತ ಹಾಗೆ. ಸ್ಕಾಟ್ಲೆಂಡ್ ಕಾನೂನು ಬೇರೆ, ಅಲ್ಲಿ ಒಂಟಿ ನಾಣ್ಯವನ್ನೂ ತಿಳಿಸಲೇಬೇಕು.

ಮುಚ್ಚಿಟ್ಟವರ ಗತಿ ಗೊತ್ತಲ್ಲ. 2015ರಲ್ಲಿ ಹೆರೆಫರ್ಡ್‌ಶೈರ್‌ನಲ್ಲಿ ವೈಕಿಂಗ್ ಕಾಲದ ನಿಧಿ ಸಿಕ್ಕಿತು. ತಿಳಿಸದೆ ಮಾರಿದರು, 2019ರಲ್ಲಿ ಜೈಲಿಗೆ ಹೋದರು. ಅದರಲ್ಲಿ ಆಲ್ಫ್ರೆಡ್ ರಾಜ ಮತ್ತು ಪಕ್ಕದ ರಾಜ್ಯ ಮರ್ಸಿಯಾದ ಕಿಯೊಲ್‌ವುಲ್ಫ್ ಇಬ್ಬರ ಕಾಲದ ನಾಣ್ಯಗಳೂ ಇದ್ದವು, ಇಬ್ಬರು ಚಕ್ರವರ್ತಿಗಳು ಪಕ್ಕಪಕ್ಕ ಕೂತ ಚಿತ್ರದವು. ಆ ಇಬ್ಬರೂ ಒಂದೇ ಮಾದರಿ ಹೊಡೆಸಿದ್ದಾರೆ ಅಂದರೆ ಅವರ ನಡುವೆ ಒಪ್ಪಂದ ಇತ್ತು ಅಂತ ಇತಿಹಾಸಕಾರರಿಗೆ ಗಟ್ಟಿ ಸಾಕ್ಷಿ. ನಿಧಿಯ ಬಹುಪಾಲು ಇನ್ನೂ ಸಿಕ್ಕಿಲ್ಲ. ನೆನೆಸಿಕೊಂಡರೆ ಸಂಕಟ ಆಗ್ತದೆ.

ನಂದಿನಿ_ಕೆ · 5:20

ನಿಮ್ಮ ಕಾಲು ಪೆನ್ನಿ ಕತೆ ನಮ್ಮನೇಲಿ ಎಲ್ಲರಿಗೂ ಓದಿ ಹೇಳಿದೆ.

ವೆಂಕಟ್_ರೆಡಿಂಗ್ · 5:35

ಸರಿ, ಸೋತೆ. ಪೆನ್ನಿ ತಗೊಳ್ಳಿ ಸಿಂಧು. ರಿಚರ್ಡ್ ಸಿಂಹಹೃದಯಂದು ಸಿಕ್ಕಿದ್ರೆ ಇನ್ನೂ ಚೆನ್ನ, ರಾಬಿನ್ ಹುಡ್ ಕತೆಯಿಂದ ಮಕ್ಕಳಿಗೆ ಗೊತ್ತಿರೋ ರಾಜ.

ಹಳೇಬಿಲ್ಲೆ · 5:52

ಅದರಲ್ಲೊಂದು ತೊಡಕಿದೆ ವೆಂಕಟ್. ಈ ರಿಚರ್ಡ್ ಹೆಸರಿರೋ ಇಂಗ್ಲಿಷ್ ಪೆನ್ನಿಯೇ ಇಲ್ಲ. 1180ರಿಂದ 1247ರವರೆಗೆ ರಾಜ ಯಾರೇ ಇರಲಿ, ನಾಣ್ಯದ ಮೇಲೆ 'ಹೆನ್ರಿಕಸ್' ಅಂತಲೇ ಹೊಡೆದ್ರು. ರಿಚರ್ಡ್‌ದು ಅಂತ ಗುರುತು ಹಿಡಿಯೋದು ಅಕ್ಷರದ ಶೈಲಿ, ಹೊಡೆದವನ ಹೆಸರಿನಿಂದ. ಮಗುಗೆ ಮೊದಲ ನಾಣ್ಯವಾಗಿ ಅದು ಕಷ್ಟ. ಎಡ್ವರ್ಡ್‌ನದ್ದು ಓದೋಕೆ ಸುಲಭ, ಹಿಂದೆ ಊರಿನ ಹೆಸರು ಬಿಡಿಸಿ ಬರೆದಿರುತ್ತೆ.

ಸಿಂಧು_ಲೆಸ್ಟರ್ · ಮುಂದಿನ ಭಾನುವಾರ ಸಂಜೆ 6:15

ಎಲ್ಲರಿಗೂ ವರದಿ ಒಪ್ಪಿಸ್ತಿದ್ದೀನಿ.

ಅಮ್ಮ ಫೋಟೋ ಕಳಿಸಿದ್ರು. ಪುತ್ತೂರಿನ ಅಣ್ಣ ಹೇಳಿದ ಜಾಗದಲ್ಲೇ ಅಕ್ಷರ ಇತ್ತು, ಪಕ್ಕದ ಮನೆ ಅಕ್ಕಸಾಲಿಗರ ಭೂತಕನ್ನಡಿ ತಂದು ನೋಡಿದ್ರಂತೆ. 'ಪಿ'. ಪರ್ತ್. ತಮ್ಮ ಸಪ್ಪಗಾದ, ಅಮ್ಮನಿಗೆ ಮಾತ್ರ ಖುಷಿ, ಇನ್ನು ಯಾರೂ ಸರ ಬಿಚ್ಚು ಅನ್ನಲ್ಲ ಅಂತ.

ನಿನ್ನೆ ಮತ್ತೆ ಯಾರ್ಕ್‌ಗೆ ಹೋಗಿದ್ವಿ. ಹೋದ ಸಲ ನೋಡಿದ್ದು ಮಾರಿಹೋಗಿತ್ತು. ಮಗಳ ಮುಖ ಬಾಡಿತು. ಅಂಗಡಿಯವರು ಒಳಗಿಂದ ಇನ್ನೊಂದು ಟ್ರೇ ತಂದ್ರು. 60 ಪೌಂಡ್, ಸ್ವಲ್ಪ ಸವೆದಿದೆ, ತೂಕ ಕೇಳಿದೆ, 1.36 ಗ್ರಾಂ. ರಸೀದಿಯಲ್ಲಿ ಎಲ್ಲಾ ಬರೆಸ್ಕೊಂಡೆ. ಹಿಂಬದಿ ಅಕ್ಷರ ಮಗಳೇ ಒಂದೊಂದಾಗಿ ಓದಿದಳು. 'ಸಿವಿಟಾಸ್' ಬಂತು, ಆಮೇಲೆ 'ಎಬೊರಾಸಿ'. ಅಂಗಡಿಯವರು ನಕ್ಕು ಬಾಗಿಲ ಹೊರಗೆ ಬೀದಿ ಕಡೆ ಕೈ ತೋರಿಸಿದ್ರು. ಎಬೊರಾಕಮ್ ಅಂದ್ರೆ ಯಾರ್ಕ್ ಅಂತೆ, ಇದೇ ಊರಲ್ಲಿ ಹೊಡೆದಿದ್ದು!

ಕ್ಯೂ ಗಾರ್ಡನ್ಸ್ ಜಾಗ ಖಾಲಿನೇ ಇರಲಿ, ಚಿಲ್ಲರೆಯಲ್ಲೇ ಸಿಗಬೇಕು ಅಂತ ಅವಳೇ ತೀರ್ಮಾನ ಮಾಡಿದ್ದಾಳೆ.

ಧಾರವಾಡ್_ಮಂದಿ · 6:22

ಭಾಳ ಛಲೋ ಆತ್ರಿ ಅಕ್ಕಾರ. ಫೋಟೋ ಹಾಕ್ರಿ.

ಹಳೇಬಿಲ್ಲೆ · 6:40

ಯಾರ್ಕ್! ಸಂತೋಷ ಆಯ್ತು. ಒಂದು ನೋಡಿ ಹೇಳ್ತೀರಾ? ಆ ಊರಲ್ಲಿ ರಾಜನದ್ದು ಒಂದು, ಆರ್ಚ್‌ಬಿಷಪ್‌ದು ಒಂದು, ಎರಡು ಟಂಕಸಾಲೆ ಇದ್ವು. ಹಿಂಬದಿ ಶಿಲುಬೆಯ ಎರಡು ಗೆರೆ ಕೂಡೋ ನಟ್ಟನಡುವೆ ನಾಲ್ಕೆಸಳಿನ ಹೂವಿನಂಥ ಪುಟ್ಟ ಗುರುತು ಇದ್ರೆ ಆರ್ಚ್‌ಬಿಷಪ್‌ದು. ದೀಪವನ್ನ ಪಕ್ಕದಿಂದ ಹಿಡಿದು ನೋಡಿ, ಮೇಲಿಂದ ಬೇಡ.

ಸಿಂಧು_ಲೆಸ್ಟರ್ · 7:05

ಮೊಬೈಲ್ ಟಾರ್ಚ್ ನಾನು ಹಿಡಿದೆ, ಮಗಳು ನೋಡಿದಳು. ಒಂದು ಎಸಳು ಸವೆದಿದೆ ಸರ್, ಮೂರು ಕಾಣ್ತಿದೆ. ಇದೆ!